ತೊಟ್ಟಿ ಮುಚ್ಚಿ ಏಸಿ ಕೊಳ್ಳುವ ಜಾಣತನ

ಚೆನ್ನೈನ ಮೈಲಾಪುರ, ತಿರುವಲ್ಲಿಕ್ಕೇಣಿಗಳ ಹಳೆಯ ಸಾಲುಮನೆಗಳನ್ನು ಕೆಡವಿ ಕಾಂಕ್ರೀಟು ಸುರಿಯುವುದೇ ಪ್ರಗತಿ ಎಂಬ ಭ್ರಮೆ ನಮ್ಮವರನ್ನೂ ಬಿಟ್ಟಿಲ್ಲ. "ಹಳೇ ಮನೆ, ಸೆಖೆ, ಜಾಗ ಸಾಲದು" ಎನ್ನುತ್ತಾರೆ. ಸೆಖೆ ಬಂದದ್ದೆಲ್ಲಿಂದ? ಹಿರಿಯರು ಗಾಳಿ-ಬೆಳಕಿಗೆಂದು ಬಿಟ್ಟ ತೊಟ್ಟಿಗೆ ಶೀಟು ಹೊದಿಸಿದವರು ನಾವೇ ಅಲ್ಲವೇ?

ತೇಗದ ತೊಲೆ, ಓರೆಯಾಗಿ ಜೋಡಿಸಿದ ತೆಳು ಇಟ್ಟಿಗೆ, ಸುಣ್ಣದ ಗಾರೆ: ಇದೇ ಮದ್ರಾಸ್ ತಾರಸಿ. ಇದನ್ನು ಒಡೆದು ಹಾಕುವುದು ಸಿಮೆಂಟನ್ನು. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟು ತಯಾರಿಕೆಯದೇ. ಆಮೇಲೆ ಕಾದ ಸ್ಲ್ಯಾಬಿನ ಕೆಳಗೆ ಏಸಿ, ಅದಕ್ಕೊಂದು ಕರೆಂಟು ಬಿಲ್ಲು!

ಹಳೆಯದೆಲ್ಲ ಹೊನ್ನೆಂಬುದು ನನ್ನ ವಾದವಲ್ಲ. ಗೆದ್ದಲು ತಿಂದ ತೊಲೆ ಬದಲಾಗಲೇಬೇಕು. ಆದರೆ ಗಾರೆಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುತ್ತದೆ. ಸುಣ್ಣದಿಂದಲೇ ರಿಪೇರಿ ಮಾಡಿಸಿ. ತಾರಸಿಗೆ ಬಿಳಿ ಸುಣ್ಣ ಹೊಡೆಸಿ. ಕೋಣೆ ಬೇಕೇ? ತೊಟ್ಟಿ ಮುಟ್ಟದೆ ಹಿತ್ತಲ ಕಡೆ ಹಗುರವಾಗಿ ಕಟ್ಟಿಸಿ. ನಡುಗೋಡೆ ಪಕ್ಕದವರದೂ ಹೌದು. ಎಂಜಿನಿಯರರನ್ನು ಕೇಳದೆ ಅದರ ಮೇಲೆ ಭಾರ ಹೇರಬೇಡಿ.

2003ರಲ್ಲಿ ತಮಿಳುನಾಡು ಸರ್ಕಾರ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದಾಗ ಹಳೆಯ ಮನೆಗಳಿಗೂ ಕೊಳವೆ ಕೂಡಿಸಲಿಲ್ಲವೇ? ಆಗ ಕಾನೂನಿಗೆ ಅಂಜಿ ಮಾಡಿದ್ದನ್ನು ಈಗ ಮೊಮ್ಮಕ್ಕಳಿಗಾಗಿ ಮಾಡಲಾರೆವೇ? ಗುದ್ದಲಿ ಎತ್ತುವ ಮುನ್ನ ಒಮ್ಮೆ ಆ ಜಗಲಿಯ ಮೇಲೆ ಕುಳಿತು ಯೋಚಿಸಿ.