ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?

ಕಳೆದ ತಿಂಗಳು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದು ಮುಗಿಸುವ ಹೊತ್ತಿಗೆ ನನ್ನ ಅಕ್ಕನ ಮಗಳು ಮಗುವನ್ನು ಎತ್ತಿಕೊಂಡು ಬಂದಳು. 'ಒಂದು ತಿಂಗಳು ಇದ್ದು ಬಾ' ಎಂದು ಗಂಡ ಅಮೆರಿಕದಿಂದ ಜಿಗಣಿಗೆ ಕಳಿಸಿ ಎಂಟು ತಿಂಗಳಾಗಿದೆ. ಬೆಂಗಳೂರಿನ ಅತ್ತೆಮನೆಯವರು 'ಜೋಪಾನವಾಗಿ ಇಡುತ್ತೇವೆ' ಎಂದು ಅವಳದ್ದೂ ಮಗುವಿನದ್ದೂ ಪಾಸ್‌ಪೋರ್ಟ್ ತೆಗೆದುಕೊಂಡರು. ಆಮೇಲೆ ಬಂದದ್ದು ಒಂದೇ ಮಾತು: ಇನ್ನೊಂದು ಸೈಟು ಬರೆದುಕೊಡಿ.

ಮದುವೆಯ ಮಾತುಕತೆಯಲ್ಲಿ ನಾವು ಏನು ಕೇಳಿದ್ದೆವು? ಎಷ್ಟು ಗ್ರಾಂ ಚಿನ್ನ, ಯಾವ ಛತ್ರ. ಕಾರ್ಖಾನೆಗಳಿಗೆ ಜಮೀನು ಹೋಗಿ ಬಂದ ಪರಿಹಾರದ ಹಣವೆಲ್ಲ ಅಲ್ಲೇ ಕರಗಿತು. ಹುಡುಗ ಅಲ್ಲಿನ ಪ್ರಜೆಯೋ, ಕೆಲಸದ ವೀಸಾದಲ್ಲಿ ಇರುವವನೋ ಎಂದು ಯಾರೂ ಕೇಳಲಿಲ್ಲ. ಭಾವನ ಪಕ್ಕದಲ್ಲೇ ಕೂತಿದ್ದ ನನಗೂ ನಾಲಿಗೆ ಇತ್ತು.

ಎಚ್-1ಬಿ ವೀಸಾದಲ್ಲಿರುವವನ ಹೆಂಡತಿಗೆ ಸಿಗುವುದು ಎಚ್-4. ಅವನ ವೀಸಾ ಹೋದರೆ, ವಿಚ್ಛೇದನವಾದರೆ ಇದೂ ಹೋಯಿತು. 2015ರಿಂದ ಕೆಲವು ಹೆಂಡತಿಯರಿಗೆ ಕೆಲಸದ ಪರವಾನಗಿ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ. ಎಂಜಿನಿಯರಿಂಗ್ ಓದಿದ ನಮ್ಮ ಹುಡುಗಿ ಮೂರು ವರ್ಷ ಸುಮ್ಮನೆ ಮನೆಯಲ್ಲಿ ಕೂತಳು.

ಮಗುವಿನ ಕತೆ ಇನ್ನೂ ಗೋಜಲು. ಅಲ್ಲಿ ಹುಟ್ಟಿದ್ದರಿಂದ ಅದು ಅಮೆರಿಕದ ಪ್ರಜೆ. ಅಜ್ಜಿಯ ತೊಡೆಯ ಮೇಲೆ ಕೂತು ಮುದ್ದೆ ನುಂಗುವ ಮಗು ಕಾನೂನಿನ ಕಣ್ಣಿಗೆ ವಿದೇಶಿ. 16 ತುಂಬದ ಮಗುವಿಗೆ ಅಮೆರಿಕದ ಹೊಸ ಪಾಸ್‌ಪೋರ್ಟ್ ಬೇಕೆಂದರೆ ಸಾಮಾನ್ಯವಾಗಿ ತಂದೆತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ, ಇಲ್ಲವೇ ಮಗು ತನ್ನ ಸುಪರ್ದಿನಲ್ಲಿದೆ ಎಂಬ ಕೋರ್ಟಿನ ಆದೇಶ. ಫೋನೇ ಎತ್ತದವನ ಸಹಿ ಎಲ್ಲಿಂದ ತರುವುದು?

'ಅತ್ತೆಮನೆಯಲ್ಲಿದ್ದರೆ ಏನಾಯ್ತು, ಅವರೇನು ಹೊರಗಿನವರಾ?' ಎಂದರು ಸಭೆಯಲ್ಲಿ ಒಬ್ಬ ಹಿರಿಯಕ್ಕ. ನಾನು ಒಪ್ಪಲಿಲ್ಲ. 1967ರ ಕಾಯಿದೆಯ ಪ್ರಕಾರ ನಮ್ಮ ದೇಶದ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಅತ್ತೆಯ ಬೀರುವಿನ ಒಡವೆಯಲ್ಲ. ಕೊಡದಿದ್ದರೆ ಪೊಲೀಸರಿಗೆ ಬರೆದುಕೊಟ್ಟು ಹೊಸದಕ್ಕೆ ಅರ್ಜಿ ಹಾಕಬಹುದು. 2016ರ ಡಿಸೆಂಬರ್‌ನ ಬದಲಾವಣೆಯ ನಂತರ ಅರ್ಜಿಗೆ ಮದುವೆಯ ಪ್ರಮಾಣಪತ್ರ ಬೇಕಿಲ್ಲ. ಗಂಡನಿಂದ ಬೇರೆಯಾದವಳು ಅವನ ಹೆಸರು ಬರೆಯಬೇಕಾಗಿಯೂ ಇಲ್ಲ.

ಕಿರುಕುಳದ ದೂರು ಕೊಡಲು ಗಂಡನ ಊರಿಗೇ ಹೋಗಬೇಕಿಲ್ಲ. ಹೊರಬಿದ್ದ ಹೆಣ್ಣು ಆಶ್ರಯ ಪಡೆದ ಕಡೆಯೇ ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿನಿಂದ ಸಮನ್ಸ್, ವಾರಂಟ್ ಹೊರಟರೆ ಗಂಡನ ಭಾರತೀಯ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಲು ಕಾಯಿದೆಯಲ್ಲಿ ಅವಕಾಶವಿದೆ. ಅವನು ಅಮೆರಿಕದ ಪ್ರಜೆಯಾಗಿಬಿಟ್ಟಿದ್ದರೆ ಆ ಹಿಡಿತವೂ ನಮಗಿಲ್ಲ. ಹುಡುಗನ ಸಂಬಳ ಕೇಳುವ ಮುಂಚೆ ಈ ಪ್ರಶ್ನೆ ಕೇಳಬೇಕು ಎನ್ನುವುದು ಇದಕ್ಕೇ. ನಮ್ಮ ಅಳಿಯನದು ಇನ್ನೂ ಭಾರತದ ಪಾಸ್‌ಪೋರ್ಟೇ.

ಅವಳ ಹಳೆಯ ಫೋನಿನಲ್ಲಿ ಎರಡೂ ಪಾಸ್‌ಪೋರ್ಟಿನ ಚಿತ್ರ ಸಿಕ್ಕಿದೆ. ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಸಂಘದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಸೋಮವಾರ ಠಾಣೆಗೆ ಹೋಗುವುದು. ಆ ಹಿರಿಯಕ್ಕನೂ ಬರುತ್ತೇನೆ ಎಂದಿದ್ದಾರೆ.