ಮಳೆಗಾಲದ ಜಲಪಾತ: ನಿಷೇಧವಿದ್ದರೂ ಸಾವು ನಿಲ್ಲುತ್ತಿಲ್ಲವೇಕೆ?

ನವಿ ಮುಂಬೈ: ಮಳೆ ಹಿಡಿದರೆ ಮಹಾಪೆಯ ಬೆನ್ನಿಗಿರುವ ಪಾರಸಿಕ್ ಬೆಟ್ಟ ಹಸಿರಾಗುತ್ತದೆ. ಬೇಲಾಪುರ, ಖಾರ್ಘರ್ ಬೆಟ್ಟಗಳಲ್ಲಿ ತೊರೆಗಳು ಧುಮುಕತೊಡಗುತ್ತವೆ. ಜೊತೆಗೇ ಅಲ್ಲಲ್ಲಿ ಪ್ರವೇಶ ನಿಷೇಧದ ಆದೇಶಗಳೂ ಹೊರಬೀಳುತ್ತವೆ. ಆದರೂ ಭಾನುವಾರ ಬಂತೆಂದರೆ ಜನ ನೀರಿನತ್ತ ಹೊರಟೇಬಿಡುತ್ತಾರೆ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಖಾರ್ಘರ್‌ನ ಪಾಂಡವಕಡಾ ಜಲಪಾತಕ್ಕೆ ಮಳೆಗಾಲದಲ್ಲಿ ಪ್ರವೇಶವಿಲ್ಲ. ಹಾಗಿದ್ದೂ 2019ರ ಆಗಸ್ಟ್‌ನಲ್ಲಿ ಅದರ ಸಮೀಪದ ತೊರೆಯಲ್ಲಿ ನಾಲ್ವರು ಕಾಲೇಜು ವಿದ್ಯಾರ್ಥಿನಿಯರು ಕೊಚ್ಚಿಹೋದರು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ನೀರುಪಾಲಾದರು. ಅವರಲ್ಲಿ ನಾಲ್ವರು ಮಕ್ಕಳು. ಮರುವಾರವೇ, ಜುಲೈ 7ರ ಭಾನುವಾರ, ಬೇಲಾಪುರದ ಬೆಟ್ಟದಲ್ಲಿ ಸಿಲುಕಿದ್ದ ಸುಮಾರು 60 ಮಂದಿಯನ್ನು ಅಗ್ನಿಶಾಮಕ ಸಿಬ್ಬಂದಿ ರಕ್ಷಿಸಬೇಕಾಯಿತು.

ಅಪಾಯ ಎಲ್ಲಿದೆ?

ಈ ಬೆಟ್ಟಗಳದ್ದು ಗಟ್ಟಿ ಕಪ್ಪುಶಿಲೆ. ಕಡಿದಾದ ಇಳಿಜಾರಿನಲ್ಲಿ ಬಿದ್ದ ಮಳೆ ನೆಲಕ್ಕಿಂಗದೆ ನೇರವಾಗಿ ತೊರೆಗೆ ಸೇರುತ್ತದೆ. ಮೇಲೆ ಜೋರು ಮಳೆಯಾಗುತ್ತಿದ್ದರೂ ಕೆಳಗೆ ನಿಂತವರಿಗೆ ಅದು ತಿಳಿಯದು. ಮೊಣಕಾಲುದ್ದದ ನೀರು ನಿಮಿಷಗಳಲ್ಲಿ ಸೊಂಟ ಮುಟ್ಟುತ್ತದೆ, ದಾಟಿ ಬಂದ ದಾರಿಯೇ ಮುಚ್ಚಿಹೋಗುತ್ತದೆ. ಈಜು ಬಲ್ಲವರಿಗೂ ಆ ಸೆಳೆತದಲ್ಲಿ ಕಾಲೂರಲು ಆಗದು.

ನಿಷೇಧ ಸೋಲುವುದೇಕೆ?

ಇನ್ನೊಂದು ಮಗ್ಗುಲೂ ಇದೆ. ಮಹಾಪೆಯ ಐಟಿ ಕಚೇರಿ, ಕಾರ್ಖಾನೆಗಳಲ್ಲಿ ವಾರವಿಡೀ ದುಡಿಯುವವರಿಗೆ, ಊರಿನ ಮಳೆಗಾಲ ನೆನೆಯುವ ಇಲ್ಲಿನ ಕನ್ನಡಿಗರಿಗೂ, ಖರ್ಚಿಲ್ಲದೆ ಹೋಗಿಬರಬಹುದಾದ ಜಾಗ ಈ ಬೆಟ್ಟವೇ. ಮುಖ್ಯ ದಾರಿಗೆ ಪೊಲೀಸರು ಅಡ್ಡ ನಿಂತರೆ ಜನ ಕಾಲುದಾರಿ ಹಿಡಿಯುತ್ತಾರೆ. ಅಲ್ಲಿ ಎಚ್ಚರಿಸುವವರಿಲ್ಲ, ಹಗ್ಗವಿಲ್ಲ, ಎಷ್ಟು ಮಂದಿ ಮೇಲೆ ಹೋಗಿದ್ದಾರೆಂಬ ಲೆಕ್ಕವೂ ಇಲ್ಲ.

ಕರ್ನಾಟಕದ ದಾರಿ

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದಾಗ ಕರ್ನಾಟಕ ಸರ್ಕಾರವೂ ಮೊದಲು ಮಾಡಿದ್ದು ತಾತ್ಕಾಲಿಕ ನಿರ್ಬಂಧವನ್ನೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ಒಂದು ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಯಾರು ಹೋದರು, ಯಾರು ಮರಳಿದರು ಎಂಬುದನ್ನು ತಿಳಿಯಲು ಇದರಿಂದ ದಾರಿಯಾಯಿತು.

ಇದನ್ನು ಇಲ್ಲಿ ಹಾಗೆಯೇ ನಕಲು ಮಾಡಲಾಗದು. ಕುಮಾರಪರ್ವತದ ದಾರಿಗಳಲ್ಲಿ ತಪಾಸಣೆ ಸಾಧ್ಯ. ಊರಿಗೆ ಅಂಟಿಕೊಂಡ ಪಾರಸಿಕ್ ಬೆಟ್ಟಕ್ಕೆ ಎಲ್ಲಿಂದಲೂ ಹತ್ತಬಹುದು. ಆದ್ದರಿಂದ ಎಲ್ಲೆಡೆ ಬೀಗ ಹಾಕುವ ಬದಲು, ಅಪಾಯ ಕಡಿಮೆಯಿರುವ ಒಂದೆರಡು ತಾಣಗಳನ್ನು ಗುರುತಿಸಿ ತೆರೆಯುವುದು ಮೇಲು. ಅಲ್ಲಿ ಜನರ ಮಿತಿ, ಸಮಯದ ಮಿತಿ, ಜೀವರಕ್ಷಕರು ಇರಬೇಕು. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಅದನ್ನೂ ಮುಚ್ಚಬೇಕು. ಪಾಂಡವಕಡಾದಂಥ ಕಡೆ ನಿಷೇಧ ಮುಂದುವರಿಯಲಿ.

ಹೋಗಲು ಒಂದು ಸುರಕ್ಷಿತ ಜಾಗವಿದ್ದರೆ ಮಾತ್ರ ‘ಇಲ್ಲಿಗೆ ಬರಬೇಡಿ’ ಎಂಬ ಮಾತಿಗೆ ಬೆಲೆ ಬರುತ್ತದೆ.