ಕರೋನಾ ಹೋಯಿತು, ಬೂಷ್ಟು ಹೋಗಿಲ್ಲ!

ಭತ್ತದ ಸುಗ್ಗಿ ಮುಗಿದ ಮೇಲೆ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗೋ ಬಸ್ ಹತ್ತಿ ನೋಡಿ. ಕಾಲುವೆ ನೀರು ಕಂಡ ಹೊಲಗಳಲ್ಲೆಲ್ಲ ಹುಲ್ಲಿನ ಬಣವಿ. ಮಳೆ ಬಿದ್ದು ಬಣವಿಯ ಬುಡ ಕೊಳೆತರೆ ಬೂಷ್ಟು ಹತ್ತುತ್ತದೆ. ಇದೇನು ಹೊಸ ಸುದ್ದಿ ಅಂತೀರಾ? ಹೊಸದಲ್ಲ. ಆದರೆ ಕೊಳೆತ ಹುಲ್ಲು, ತಿಪ್ಪೆಗೊಬ್ಬರ, ಮಣ್ಣಿನಲ್ಲಿ ಬೆಳೆಯುವ ಇಂಥದೇ ಬೂಷ್ಟು 2021ರಲ್ಲಿ ಇಡೀ ದೇಶವನ್ನೇ ನಡುಗಿಸಿತು. ಪತ್ರಿಕೆಗಳು ಅದನ್ನು 'ಕಪ್ಪು ಶಿಲೀಂಧ್ರ' ಎಂದು ಕರೆದವು. ಡಾಕ್ಟರುಗಳ ಬಾಯಲ್ಲಿ ಅದು ಮ್ಯೂಕೊರ್‌ಮೈಕೋಸಿಸ್.

ಆ ವರ್ಷದ ಜುಲೈ ವೇಳೆಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಈ ರೋಗ ಬಂದು, 4,300ಕ್ಕೂ ಹೆಚ್ಚು ಜನ ಸತ್ತರೆಂದು ಸಂಸತ್ತಿಗೆ ಲೆಕ್ಕ ಕೊಡಲಾಯಿತು. ನಮ್ಮ ರಾಜ್ಯ ಸರ್ಕಾರ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮೊದಲುಗೊಂಡು ಕಲಬುರಗಿ, ಹುಬ್ಬಳ್ಳಿ ಮುಂತಾದ ಕಡೆ ಚಿಕಿತ್ಸಾ ಕೇಂದ್ರ ಗುರುತಿಸಿತು. ಸಿಂಧನೂರಿನವರಿಗೆ ಕಲಬುರಗಿಯಾಗಲಿ ಹುಬ್ಬಳ್ಳಿಯಾಗಲಿ ನೂರು ಕಿಲೋಮೀಟರು ಮೀರಿದ ದಾರಿ. ಗಂಟೆ ಗಂಟೆಗೂ ಹಬ್ಬುವ ರೋಗಕ್ಕೆ ಇದು ದೂರವೇ ಅಲ್ಲವೇ?

ಔಷಧದ ಕಥೆ ಇನ್ನೊಂದು. ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಎಂಬ ಸೂಜಿಮದ್ದು ಬೇಕು. 60 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಮಿನ ಆರು ಸೀಸೆ, ಅದೂ ವಾರಗಟ್ಟಲೆ. ಒಂದೊಂದು ಸೀಸೆಗೆ ಸಾವಿರಾರು ರೂಪಾಯಿ. ಆಗ ದುಡ್ಡಿದ್ದವರಿಗೂ ಅದು ಸಿಗಲಿಲ್ಲ. ಕೇಂದ್ರವೇ ರಾಜ್ಯಗಳಿಗೆ ಪಾಲು ಹಂಚಬೇಕಾಯಿತು. ಮದ್ದೊಂದೇ ಸಾಲದು, ಕೊಳೆತ ಭಾಗವನ್ನು ಕೊಯ್ದು ತೆಗೆಯಬೇಕು. ಕಣ್ಣನ್ನೇ ಕಳಕೊಂಡು ಜೀವ ಉಳಿಸಿಕೊಂಡವರಿದ್ದಾರೆ.

ಇಷ್ಟಕ್ಕೂ ಹುಲ್ಲಿನ ಬಣವಿ ಅಜ್ಜನ ಕಾಲದಿಂದ ಇದೆ. ಬೂಷ್ಟಿನ ಕಣ ದಿನಾ ನಮ್ಮ ಮೂಗಿಗೆ ಹೋಗುತ್ತಲೇ ಇರುತ್ತದೆ. ಗಟ್ಟಿ ಮೈ ಅದನ್ನು ಅಲ್ಲೇ ಮುಗಿಸುತ್ತದೆ. ಸಕ್ಕರೆ ಕಾಯಿಲೆ ಹದ್ದುಮೀರಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಹೆಚ್ಚು ದಿನ ಸ್ಟೀರಾಯ್ಡ್ ತಗೊಂಡವರು, ಇವರ ಮೈಯಲ್ಲಿ ಕಾವಲು ಸಡಿಲ. ಬೂಷ್ಟು ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯದಂತೆ ಕಟ್ಟಿಹಾಕುತ್ತದೆ. ರಕ್ತ ಕಾಣದ ಮಾಂಸ ಸತ್ತು ಕರ್ರಗಾಗುತ್ತದೆ. ಹೆಸರಿನ ಕಪ್ಪು ಬಂದದ್ದು ಅಲ್ಲಿಂದ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ರೋಗಿಯನ್ನು ದೂರ ಇಡಬೇಕಾಗಿಲ್ಲ.

2021ರಲ್ಲಿ ಕರೋನಾ, ಸ್ಟೀರಾಯ್ಡ್, ಸಕ್ಕರೆ ಮೂರೂ ಒಂದೇ ಮೈಮೇಲೆ ಬಿದ್ದವು. ಒಂದು ಹಿಂದೆ ಸರಿದಿದೆ. ಉಳಿದ ಎರಡೂ ನಮ್ಮ ಹಳ್ಳಿಗಳಲ್ಲಿ ಹಾಯಾಗಿವೆ. ಮೊಣಕಾಲು ನೋವು, ದಮ್ಮು ಅಂತ ಹೋದವರಿಗೆ ಒಂದು ಸೂಜಿ, ನಾಲ್ಕು ಗುಳಿಗೆ. 'ತಗೊಂಡ ಕೂಡ್ಲೇ ಆರಾಮ ಆತು ನೋಡ್ರಿ' ಅನ್ನುತ್ತಾರೆ. ಆ ಗುಳಿಗೆಯಲ್ಲಿ ಸ್ಟೀರಾಯ್ಡ್ ಇದೆಯೇ ಅಂತ ಕೇಳುವವರು ಯಾರು? ಕೊಡುವ ಮೊದಲು ಸಕ್ಕರೆ ನೋಡುವವರು ಯಾರು? ಹಾಗಂತ ದೊಡ್ಡ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡನ್ನು ತಾವೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಅವರನ್ನು ಕೇಳಿಯೇ ಇಳಿಸಬೇಕು.

ಸಕ್ಕರೆ ಕಾಯಿಲೆಯವರ ಮುಖದ ಒಂದೇ ಬದಿ ನೋವು, ಕೆನ್ನೆ ಜೋಮು, ಕಣ್ಣ ರೆಪ್ಪೆ ಊತ, ಒಂದು ಎರಡಾಗಿ ಕಾಣುವುದು, ಮೂಗಿನಿಂದ ಕರಿ ಬಣ್ಣದ ಸೋರಿಕೆ, ಮೇಲಿನ ಹಲ್ಲು ಅಲುಗಾಡುವುದು - ಇದರಲ್ಲಿ ಒಂದು ಕಂಡರೂ ಹಲ್ಲುನೋವು, ನೆಗಡಿ ಅಂತ ಮನೆಯಲ್ಲಿ ಕೂಡಬಾರದು. ಅಂದೇ ಮೂಗು-ಗಂಟಲು ಡಾಕ್ಟರಿಗೆ ತೋರಿಸಬೇಕು.

30 ದಾಟಿದವರಿಗೆಲ್ಲ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಕ್ಕರೆ ಪರೀಕ್ಷೆ ಮಾಡುವ ಯೋಜನೆ ಕಾಗದದ ಮೇಲಿದೆ. ಅದು ಮೂರೂ ತಾಲ್ಲೂಕಿನ ಹಳ್ಳಿ ಹಳ್ಳಿಗೂ ಮುಟ್ಟಲಿ. ಆಂಫೊಟೆರಿಸಿನ್ನಿನ ಕೆಲವು ಸೀಸೆ ಜಿಲ್ಲೆಯಲ್ಲೇ ಸದಾ ದಾಸ್ತಾನಿರಲಿ. ಕಣ್ಣು ಹೋದ ಮೇಲೆ ಪರಿಹಾರ ಘೋಷಿಸುವುದಕ್ಕಿಂತ ಇದು ಅಗ್ಗ. ಸಂಬಂಧಪಟ್ಟವರು ಈಗಲಾದರೂ ಇತ್ತ ನೋಡುವರೇ?